ದೊನ್ ತೆಯೊದುಲೊ ಬಿಸಿ ಕುರ್ಚಿಯಲ್ಲಿ ಕೂತದ್ದು

ನಮ್ಮ ಶಾಲೆಯ ಗೇಟು ಬೆಳಿಗ್ಗೆ ಏಳೂ ಮುಕ್ಕಾಲಿಗೆ ಮುಚ್ಚುತ್ತದೆ. ಮೂವತ್ತೊಂದು ವರ್ಷ ಅದನ್ನು ಮುಚ್ಚಿದವರು ದೊನ್ ತೆಯೊದುಲೊ ಚಂಗನಕಿ. ಅವರು ಮೇಷ್ಟರಲ್ಲ, ಜವಾನರೂ ಅಲ್ಲ. ಸರ್ಕಾರದ ಕಾಗದದಲ್ಲಿ ಅವರ ಹುದ್ದೆಗೆ ‘ಔಕ್ಸಿಲಿಯಾರ್’, ಅಂದರೆ ಸಹಾಯಕ, ಎಂದು ಹೆಸರು. ಯಾರಿಗೆ ಸಹಾಯ ಎಂದು ಕಾಗದ ಹೇಳುವುದಿಲ್ಲ. ಮಕ್ಕಳು ‘ಔಕ್ಸಿ’ ಎನ್ನುತ್ತಾರೆ. ಹುಡುಗರ ಕೂದಲು ಕಾಲರಿಗೆ ತಾಗುತ್ತಿದೆಯೇ, ಹುಡುಗಿಯರ ಉಗುರಿಗೆ ಬಣ್ಣ ಬಿದ್ದಿದೆಯೇ, ಬೂಟು ಈ ವಾರದಲ್ಲಿ ಪಾಲಿಶ್ ಕಂಡಿದೆಯೇ ಎಂದು ನೋಡುವುದು ಅವರ ಕೆಲಸ. ತಡವಾಗಿ ಬಂದವರನ್ನು ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಹತ್ತಿರ ಕರೆದು, ತಲೆ ಬಗ್ಗಿಸಿ ಕಾರಣ ಕೇಳುತ್ತಿದ್ದರು.

ಆ ಕಾರಣಗಳು ಅವರ ಕಿವಿಯಿಂದ ಆಚೆ ಹೋಗುತ್ತಿರಲಿಲ್ಲ. ಯಾರ ಅಪ್ಪ ಮೂರು ದಿನದಿಂದ ಮನೆಗೆ ಬಂದಿಲ್ಲ, ಯಾರ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಇರುವುದೊಂದೇ ಜೊತೆ ಬೂಟು, ಯಾರು ಅಜ್ಜಿಗೆ ಸ್ನಾನ ಮಾಡಿಸಿಯೇ ಹೊರಡಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಚರಿತ್ರೆ ಕಲಿಸುವ ನನಗೆ ಇತರರ ಮನೆಯ ಚರಿತ್ರೆಯಲ್ಲೂ ಆಸಕ್ತಿ. ಎಷ್ಟೋ ಸಲ ಕೆದಕಿದ್ದೇನೆ.

“ಏನಂತೆ ದೊನ್ ತೆಯೊದುಲೊ, ಆ ಹುಡುಗನ ಕತೆ?”

“ಟ್ರಾಫಿಕ್ಕಂತೆ, ಪ್ರೊಫೆ.”

ನಮ್ಮ ವಾಚೊ ಊರಿನಲ್ಲಿ ಬೆಳಿಗ್ಗೆ ಏಳಕ್ಕೆ ಟ್ರಾಫಿಕ್ಕು ಎಂದರೆ ಮೂರು ಮೋಟೊಟ್ಯಾಕ್ಸಿ, ಒಂದು ನಾಯಿ.

ಅವರಿಗೆ ಇದ್ದದ್ದು ಒಂದೇ ಆಸೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ಶಾಲೆ ಮುಗಿಸಿ ಹೋಗುವ ಬ್ಯಾಚಿಗೆ ಒಬ್ಬ ಪದ್ರಿನೊ, ಅಂದರೆ ಧರ್ಮಪಿತ, ಬೇಕು. ಮಕ್ಕಳೇ ಆರಿಸುತ್ತಾರೆ. ಬ್ಯಾಚಿಗೆ ಅವನ ಹೆಸರೇ ಹೆಸರು. ಅದು ಮಕ್ಕಳ ಜಾಕೆಟ್ಟಿನ ಬೆನ್ನ ಮೇಲೆ ಬರುತ್ತದೆ, ಅಂಗಳದ ಗೋಡೆಯಲ್ಲಿ ಹಿತ್ತಾಳೆ ಫಲಕವಾಗಿ ಉಳಿಯುತ್ತದೆ. ಗೋಡೆಯಲ್ಲಿ ಒಬ್ಬ ಮೇಯರ್ ಇದ್ದಾನೆ, ಇಬ್ಬರು ಪಾದ್ರಿಗಳಿದ್ದಾರೆ, ಕೋಳಿ ಹೋಟೆಲಿನ ಮಾಲೀಕರು ನಾಲ್ವರಿದ್ದಾರೆ. ಗಣಿತದ ಮೇಷ್ಟರೊಬ್ಬರು ಎರಡು ಸಲ ಇದ್ದಾರೆ, ಅದು ಹೇಗೆಂದು ಗಣಿತಕ್ಕೇ ಗೊತ್ತು. ದೊನ್ ತೆಯೊದುಲೊ ಒಂದು ಸಲವೂ ಇಲ್ಲ. ಕೂದಲು ಕತ್ತರಿಸುವವನನ್ನು ಪದ್ರಿನೊ ಮಾಡಿಕೊಳ್ಳುವ ಹುಡುಗರು ಎಲ್ಲಿದ್ದಾರೆ? ನಾನು ಹೇಳುತ್ತಿರುವ ವರ್ಷದ ಡಿಸೆಂಬರಿಗೆ ಅವರ ನಿವೃತ್ತಿ. ಅದು ಕೊನೆಯ ಬ್ಯಾಚು.

“ನನಗೇನಾಗಬೇಕು ಅದ್ರಿಂದ,” ಎನ್ನುತ್ತಿದ್ದರು ಅವರು, ಯಾರೂ ಕೇಳದಿದ್ದರೂ.

ಆ ವರ್ಷ ಪೆರು ದೇಶದ ಅರ್ಧ ಜನ ಸಂಜೆ ಏಳಕ್ಕೆ ಟೀವಿಯಲ್ಲಿ ‘ಬೆಂಕಿಗೆರೆ’ ನೋಡುತ್ತಿದ್ದರು. ಉಳಿದರ್ಧ ಜನ ಅದನ್ನು ನೋಡುವುದಿಲ್ಲ ಎಂದು ಹೇಳಿಕೊಂಡು ನೋಡುತ್ತಿದ್ದರು. ಲಿಮಾದ ಸ್ಟುಡಿಯೊದಲ್ಲಿ ಹಳದಿ ತಂಡ, ನೀಲಿ ತಂಡ. ತೋಳಿಲ್ಲದ ಬನಿಯನ್ನಿನ ಹುಡುಗರು, ಹೊಟ್ಟೆ ಕಾಣುವ ಹುಡುಗಿಯರು. ಟೈರು ಎಳೆಯುತ್ತಾರೆ, ಹಗ್ಗ ಹತ್ತುತ್ತಾರೆ. ಇಳಿದ ಮೇಲೆ ಯಾರು ಯಾರನ್ನು ಪ್ರೀತಿಸುತ್ತಾರೆ, ಯಾರು ಯಾರ ಬೆನ್ನ ಹಿಂದೆ ಏನಂದರು ಎಂದು ಒಂದು ಗಂಟೆ ಅಳುತ್ತಾರೆ. ಶುಕ್ರವಾರ ಒಬ್ಬರು ಮನೆಗೆ. ಅದಕ್ಕೆ ಮೊದಲು ‘ಬಿಸಿ ಕುರ್ಚಿ’: ಅದರಲ್ಲಿ ಕೂತವರು ಯಾರಿಗೂ ಹೇಳದ ಒಂದು ಗುಟ್ಟು ಹೇಳಬೇಕು.

ಮಾರ್ಚಿನಲ್ಲಿ ಶಾಲೆ ತೆರೆದಾಗ ರೋಗ ನಮ್ಮಲ್ಲಿಗೂ ಬಂದಿತ್ತು. ಹುಡುಗರ ತಲೆಯ ಒಂದು ಪಕ್ಕ ಬೋಳು, ಇನ್ನೊಂದು ಪಕ್ಕ ತೋಟ. ಊಟದ ಬಿಡುವಿನಲ್ಲಿ ಹಳದಿ, ನೀಲಿ. ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿಲ್ಲದ ಹುಡುಗ ಎದ್ದು ನಿಂತು, ಎದೆ ಮುಟ್ಟಿಕೊಂಡು, “ಪ್ರೊಫೆ, ನಾನು ಮುಖವಾಡ ಹಾಕೋನಲ್ಲ. ನಾನು ಓದಿಲ್ಲ. ನಾನಿರೋದೇ ಹೀಗೆ,” ಎಂದ. ಸುತ್ತಲಿದ್ದವರು ಚಪ್ಪಾಳೆ ಹೊಡೆದರು. ನಮ್ಮ ಹೆಡ್ಮಾಸ್ಟರು ಪೋಷಕರ ಸಭೆ ಕರೆದು ‘ಟೀವಿಯೆಂಬ ತಿಪ್ಪೆ’ ಎಂಬ ವಿಷಯದ ಮೇಲೆ ಐವತ್ತು ನಿಮಿಷ ಮಾತಾಡಿದರು. ಆರೂ ಮುಕ್ಕಾಲಾದಾಗ ಪೋಷಕರು ಒಬ್ಬೊಬ್ಬರಾಗಿ ಎದ್ದರು. ಹೆಡ್ಮಾಸ್ಟರೂ ಗಡಿಯಾರ ನೋಡಿಕೊಂಡು ಮುಗಿಸಿದರು.

ದೊನ್ ತೆಯೊದುಲೊ ಯುದ್ಧ ಸಾರಿದರು. ಬೋಳು ಪಕ್ಕಕ್ಕೆ ಸಮನಾಗಿ ತೋಟದ ಪಕ್ಕವನ್ನೂ ಕತ್ತರಿಸಿದರು. ಮನೆಯಲ್ಲಿ ಅವರ ಹೆಂಡತಿ ನಿಯೆವೆಸಮ್ಮ ಏಳಕ್ಕೆ ಟೀವಿ ಹಚ್ಚಿದರೆ ಅವರು ಬೆನ್ನು ತಿರುಗಿಸಿ ಕೂರುತ್ತಿದ್ದರು. ಎದುರಿಗೆ ಪಿಂಗಾಣಿ ಪಾತ್ರೆಗಳ ಗಾಜಿನ ಬೀರು. ಅದರ ಗಾಜಿನಲ್ಲಿ ಟೀವಿ ಸೊಗಸಾಗಿ ಕಾಣುತ್ತದೆ ಎಂದು ನನಗೆ ಹೇಳಿದವರು ನಿಯೆವೆಸಮ್ಮನೇ.

“ಒಂದಿನ ನೀಲಿ ಹುಡುಗಿ ಬಿದ್ದಳು ನೋಡಿ ಪ್ರೊಫೆ. ನಾನು ಇನ್ನೂ ಅಯ್ಯೋ ಅನ್ನೋ ಹೊತ್ತಿಗೆ ಇವರು ಬೀರು ಕಡೆ ಮುಖ ಮಾಡ್ಕೊಂಡು ಅಯ್ಯೋ ಅಂದ್ರು!”

ಸೆಪ್ಟೆಂಬರಿನಲ್ಲಿ ಕೊನೆಯ ವರ್ಷದ ಮಕ್ಕಳು ‘ಬೆಂಕಿಗೆರೆ’ಯ ಹಳದಿ ತಂಡದ ನಾಯಕನಿಗೇ ಪತ್ರ ಬರೆದರು: ನಮ್ಮ ಪದ್ರಿನೊ ಆಗಬೇಕು. ಅವನ ಕಡೆಯವರು ಕಾರು, ಹೋಟೆಲು, ಜೊತೆಗೆ ಮೂರು ಸಾವಿರ ಸೋಲ್ ದುಡ್ಡು ಎಂದರು. ಅಲ್ಲಿಗೆ ಆ ಕನಸು ಮುಗಿಯಿತು. ಆದರೆ ಸ್ನೈದರ್ ಬಸಲಾರ್ ಎಂಬ ಹುಡುಗನಿಗೆ ಇನ್ನೊಂದು ಕನಸು ಬಿತ್ತು. ಸ್ನೈದರ್ ಓದಿನಲ್ಲಿ ಹಿಂದೆ, ಮೈಕಿನಲ್ಲಿ ಮುಂದೆ. ಧ್ವಜವಂದನೆಯ ದಿನವೂ “ಒಂದು ಸಣ್ಣ ಬ್ರೇಕ್ ನಂತರ ರಾಷ್ಟ್ರಗೀತೆ” ಎಂದು ಹೇಳಿ ಬೈಸಿಕೊಂಡವನು.

“ಪ್ರೊಫೆ, ಸ್ಟಾರ್ ಬರದಿದ್ರೇನಂತೆ, ನಾವೇ ಒಂದು ಶೋ ಮಾಡೋಣ. ಅಭ್ಯರ್ಥಿಗಳು ನಾಲ್ಕು ಜನ. ಪ್ರತಿ ಶುಕ್ರವಾರ ಒಬ್ರು ಔಟ್. ಕೊನೆಗೆ ಉಳಿದವ್ರು ಪದ್ರಿನೊ!”

ಹೆಡ್ಮಾಸ್ಟರು ಇದಕ್ಕೆ ಒಪ್ಪುವುದಿಲ್ಲ ಎಂದು ನಾನು ನಂಬಿದ್ದೆ. ಅವರು ಒಪ್ಪಿದರು, ಉದ್ಘಾಟನೆಯ ಭಾಷಣ ತಮ್ಮದೇ ಆಗಿರಬೇಕು ಎಂಬುದೊಂದೇ ಷರತ್ತು.

ನಾಲ್ವರು ಯಾರೆಂದರೆ, ಕೋಳಿ ಹೋಟೆಲಿನ ಕೌನ್ಸಿಲರ್ ಒಬ್ಬರು, ಶಾಲೆಯ ಅಂಗಡಿಯಲ್ಲಿ ಹಂದಿಮಾಂಸದ ಬನ್ನು ಮಾರುವ ದೊನ್ಯಾ ಎರ್ಮೆಲಿಂದಾ, ದೊನ್ ತೆಯೊದುಲೊ, ಮತ್ತು ನಾನು. ನನ್ನ ಹೆಸರು ಯಾಕೆ ಬಂತೆಂದು ನನಗೆ ಗೊತ್ತಿಲ್ಲ. ಬೇಡ ಎಂದು ಯಾಕೆ ಹೇಳಲಿಲ್ಲ ಎಂಬುದು ಗೊತ್ತು.

“ನೀವೂ ನಿಲ್ತೀರಾ ದೊನ್ ತೆಯೊದುಲೊ?” ಎಂದು ಕೇಳಿದೆ. “ಇದು ಅದೇ ತಿಪ್ಪೆ ಅಲ್ವೇ?”

“ಮಕ್ಕಳಿಗೆ ಬೇಜಾರಾಗಬಾರ್ದಲ್ಲ ಪ್ರೊಫೆ,” ಎಂದರು, ಬೂಟಿನ ತುದಿ ನೋಡುತ್ತ. ಬೂಟು ಹೊಸದು.

ಮೊದಲ ಶುಕ್ರವಾರ ಅಂಗಳದಲ್ಲಿ ಅಡೆತಡೆ ಓಟ. ಟೈರು ಉರುಳಿಸಿ, ಬೆಂಚು ದಾಟಿ, ಬೆನ್ನಿಗೆ ಕಟ್ಟಿದ ನೀರಿನ ಬಲೂನು ಒಡೆಯದಂತೆ ಧ್ವಜಸ್ತಂಭ ಸುತ್ತಿ ಬರಬೇಕು. ನಾನು ಮೂರು ದಿನ ಗುಟ್ಟಾಗಿ ತಾಲೀಮು ಮಾಡಿದ್ದೆ. ಸ್ತಂಭದ ಹತ್ತಿರವೇ ಬಲೂನು ಒಡೆಯಿತು. ಒದ್ದೆ ಪ್ಯಾಂಟಿನಲ್ಲಿ ಮೈಕು ಹಿಡಿದು, “ಗೆಲುವು ಮುಖ್ಯ ಅಲ್ಲ, ನಾನು ನನ್ನತನ ಬಿಟ್ಟುಕೊಡಲಿಲ್ಲ,” ಎಂದೆ. ಹಾಗೆಂದರೆ ಏನೆಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಅರವತ್ತೆಂಟು ಮಕ್ಕಳ ವೋಟಿನಲ್ಲಿ ನನಗೆ ಬಂದದ್ದು ನಾಲ್ಕು. ಅಲ್ಲಿಗೆ ನಾನು ಪ್ರೇಕ್ಷಕನಾದೆ.

ಎರಡನೆಯ ಶುಕ್ರವಾರ ಪ್ರತಿಭೆಯ ಸುತ್ತು. ಆ ವಾರ ಯಾರೂ ಔಟಿಲ್ಲ ಎಂದು ಸ್ನೈದರ್ ಘೋಷಿಸಿದ. ಲಿಮಾದವರೂ ಹಾಗೇ ಎಳೆಯುತ್ತಾರೆ. ಕೌನ್ಸಿಲರ್ ಹಾಡಿದರು. ದೊನ್ಯಾ ಎರ್ಮೆಲಿಂದಾ ಒಂದು ನಿಮಿಷದಲ್ಲಿ ಹನ್ನೊಂದು ಬನ್ನು ಸೀಳಿ ಮಾಂಸ ಈರುಳ್ಳಿ ತುಂಬಿ ಹಂಚಿದರು. ದೊನ್ ತೆಯೊದುಲೊ ಅಂಗಳದ ನಡುವೆ ನಿಂತು, ಏನು ಮಾಡಬೇಕೆಂದು ತೋಚದೆ, ಗೇಟಿನ ಬಳಿ ಕೇಳುವ ಮಾತುಗಳನ್ನು ಅಭಿನಯಿಸತೊಡಗಿದರು. ತಾವೇ ಹುಡುಗ, ತಾವೇ ಔಕ್ಸಿ.

“‘ಯಾಕೋ ತಡ?’ ‘ಅಜ್ಜಿ ತೀರ್ಕೊಂಡ್ರು ಔಕ್ಸಿ.’ ‘ಮಾರ್ಚಲ್ಲೂ ತೀರ್ಕೊಂಡಿದ್ರಲ್ಲ?’ ‘ಅದು ಇನ್ನೊಂದಜ್ಜಿ.’ ‘ಜೂನಲ್ಲಿ?’ ‘ಔಕ್ಸಿ, ನಮ್ಮ ತಾತ ಭಾಳ ಸಲ ಮದ್ವೆ ಆಗಿದ್ರು!’”

ಮಕ್ಕಳು ನೆಲಕ್ಕೆ ಬಿದ್ದು ನಕ್ಕರು. ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯನನ್ನು ನೋಡಿ ಯಾರೂ ಹಾಗೆ ನಕ್ಕಿರಲಿಲ್ಲ. ಆ ನಗು ಅವರ ತಲೆಗೇರಿದ್ದನ್ನು ನಾನು ಕಣ್ಣಾರೆ ಕಂಡೆ. ಸೋಮವಾರ ತಲೆಗೆ ಜೆಲ್ ಹಚ್ಚಿಕೊಂಡು ಬಂದರು. ಮಾತಿನ ನಡುವೆ ನಿಲ್ಲಿಸಿ ದೂರ ನೋಡುವುದನ್ನು ಕಲಿತರು. ಯಾವುದೋ ಹುಡುಗ ಮೊಬೈಲು ಎತ್ತಿದರೆ ಸಾಕು, ಹೊಟ್ಟೆ ಒಳಗೆ ಹೋಗುತ್ತಿತ್ತು. ಸಿಬ್ಬಂದಿ ಕೋಣೆಯಲ್ಲಿ ಸಕ್ಕರೆ ಕೇಳುವಾಗಲೂ, “ತೆಯೊದುಲೊ ಇರೋದೇ ಹೀಗೆ. ಇದ್ದದ್ದನ್ನ ಇದ್ದಂಗೆ ಹೇಳ್ತಾನೆ. ಎರಡು ಚಮಚ,” ಎಂದರು.

ಮೂರನೆಯ ಶುಕ್ರವಾರ ಬಿಸಿ ಕುರ್ಚಿ. ಹೆಡ್ಮಾಸ್ಟರ ಕುರ್ಚಿಗೇ ಕೆಂಪು ಬಟ್ಟೆ ಹೊದಿಸಿದ್ದರು. ಮೊದಲು ಕೂತ ಕೌನ್ಸಿಲರ್ ಒಂದು ಕ್ಷಣ ತಲೆ ತಗ್ಗಿಸಿ, ಆಮೇಲೆ ತಲೆಗೂದಲನ್ನೇ ಕೈಯಲ್ಲಿ ಎತ್ತಿ ಹಿಡಿದರು. ವಿಗ್ಗು! ಊರಿಗೆಲ್ಲ ಗೊತ್ತಿದ್ದ ವಿಷಯ, ಆದರೂ ಅಂಗಳ ಅದುರಿತು. ದೊನ್ಯಾ ಎರ್ಮೆಲಿಂದಾ ಕೂತು, “ನನ್ನ ಈರುಳ್ಳಿ ಸಾಸಿಗೆ ಒಂದು ಸೊಪ್ಪು ಹಾಕ್ತೀನಿ, ಯಾವ್ದು ಅಂತ ಸತ್ರೂ ಹೇಳಲ್ಲ,” ಎಂದರು. ಅದಕ್ಕೂ ಚಪ್ಪಾಳೆ. ಕೊನೆಗೆ ದೊನ್ ತೆಯೊದುಲೊ.

“ಔಕ್ಸಿ ತೆಯೊದುಲೊ!” ಸ್ನೈದರ್ ಅವರ ಸುತ್ತ ಒಂದು ಸುತ್ತು ಬಂದ. “ಬಿಸಿ ಕುರ್ಚೀಲಿ ಸುಳ್ಳಿಗೆ ಜಾಗ ಇಲ್ಲ. ಈ ವರ್ಷ ಗೇಟಲ್ಲಿ ಕೇಳಿದ ಅತ್ಯಂತ ವಿಚಿತ್ರ ಕಾರಣ ಯಾವ್ದು? ತಮಾಷೆದಲ್ಲ. ನಿಜವಾದ್ದು!”

ಅವರು ವಿಗ್ಗಿನ ಕಡೆ ನೋಡಿದರು. ಮಕ್ಕಳ ಕಡೆ ನೋಡಿದರು. ಎತ್ತಿ ಹಿಡಿದ ಮೊಬೈಲುಗಳ ಕಡೆ ನೋಡಿದರು.

“ಹೆಸರು ಹೇಳಲ್ಲ,” ಎಂದರು. “ಒಬ್ಳು ಹುಡುಗಿ. ವಾರಕ್ಕೆ ಮೂರು ದಿನ ತಡ. ಕಾರಣ ಏನು ಗೊತ್ತಾ?” ಕಲಿತಿದ್ದಂತೆ ನಿಲ್ಲಿಸಿ ದೂರ ನೋಡಿದರು. “ನಿಂಬೆಹಣ್ಣು! ಬೆಳಗಿನ ಜಾವ ನಾಲ್ಕಕ್ಕೆ ಬಂದರಲ್ಲಿ ಅಮ್ಮನ ಜೊತೆ ಮೀನು ಸೀಳ್ತಾಳೆ. ಆಮೇಲೆ ಅರ್ಧ ಗಂಟೆ ನಿಂಬೆಹಣ್ಣು ಹಾಕಿ ಹೀಗೆ, ಹೀಗೆ, ಮೊಣಕೈವರೆಗೂ ತಿಕ್ತಾಳೆ. ಎಂಥಾ ಹುಡುಗಿ ನೋಡಿ!”

ಮೆಚ್ಚಿಗೆಯಿಂದಲೇ ಹೇಳಿದರು, ಆ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ತಿಕ್ಕುವುದನ್ನು ಅಭಿನಯಿಸುವಾಗ ಕೈ ಸ್ವಲ್ಪ ಹೆಚ್ಚೇ ಆಡಿತು. ನಗು ಬಂತು. ನಗುವಿನ ನಡುವೆಯೇ ಅರವತ್ತೇಳು ತಲೆಗಳು ಒಂದು ಕಡೆ ತಿರುಗಿದವು.

ಕೊನೆಯ ವರ್ಷದಲ್ಲಿ ನಿಂಬೆಯ ಘಮ ಬೀರುತ್ತಿದ್ದವಳು ಒಬ್ಬಳೇ: ಮಿಲುಷ್ಕಾ ನಿಚೊ. ಇಸ್ತ್ರಿ ಗೆರೆ ಮುರಿಯದ ಲಂಗ, ಎತ್ತಿ ಕಟ್ಟಿದ ಜಡೆ, ‘ಬೆಂಕಿಗೆರೆ’ಯ ನೀಲಿ ನಾಯಕಿಯ ನಡಿಗೆ. ಯಾವ ಸೆಂಟು ಎಂದು ಗೆಳತಿಯರು ಕೇಳಿದರೆ, ಮಯಾಮಿಯಿಂದ ಚಿಕ್ಕಮ್ಮ ಕಳಿಸುತ್ತಾಳೆ ಎನ್ನುತ್ತಿದ್ದಳು. ನಾನೂ ನಂಬಿದ್ದೆ.

“ಮೀನು, ನಿಂಬೆ,” ಎಂದು ಹಿಂದಿನಿಂದ ಯಾರೋ ಕೂಗಿದರು. “ಇನ್ನು ಈರುಳ್ಳಿ ಹಾಕಿದ್ರೆ ಸೆವಿಚೆ ರೆಡಿ!”

“ಸೆವಿಚೆ! ಸೆವಿಚೆ!” ಇಡೀ ಅಂಗಳ ಕೂಗಿತು. ಆಟಕ್ಕೆ ಕೂಗಿದ್ದು, ಸಂಜೆ ಏಳಕ್ಕೆ ಲಿಮಾದಲ್ಲಿ ಹಾಗೇ ಕೂಗುತ್ತಾರೆ, ಕೂಗಿಸಿಕೊಂಡವರು ಅತ್ತು, ಬ್ರೇಕಿನ ನಂತರ ನಗುತ್ತಾರೆ. ಮಿಲುಷ್ಕಾಗೆ ಬ್ರೇಕ್ ಇರಲಿಲ್ಲ. ಎದ್ದು, ಬ್ಯಾಗು ತೆಗೆದುಕೊಂಡು, ಅದೇ ನಡಿಗೆಯಲ್ಲಿ ಗೇಟಿನವರೆಗೆ ಹೋದಳು. ಗೇಟಿನಲ್ಲಿ ಕಾಯುವವರು ಕುರ್ಚಿಯಲ್ಲಿದ್ದರು. ಯಾರೂ ತಡೆಯಲಿಲ್ಲ.

ಕೌನ್ಸಿಲರ್ ಔಟಾದರು. ದೊನ್ ತೆಯೊದುಲೊ ಫೈನಲಿಗೆ ಬಂದರು.

ಸೋಮವಾರ ಮಿಲುಷ್ಕಾ ಬರಲಿಲ್ಲ. ಮಂಗಳವಾರವೂ ಇಲ್ಲ. ಗೇಟು ಮುಚ್ಚುವ ಹೊತ್ತಾದರೂ ದೊನ್ ತೆಯೊದುಲೊ ಎಂಟರವರೆಗೆ ತೆರೆದೇ ಇಟ್ಟು ಬಂದರಿನ ರಸ್ತೆ ನೋಡುತ್ತಿದ್ದರು. ತಡವಾಗಿ ಬಂದವರೆಲ್ಲ ಖುಷಿಯಾಗಿ ನುಗ್ಗಿದರು. ಜೆಲ್ ಹೋಯಿತು. ಶುಕ್ರವಾರ ಸಕಲ ಸಂತರ ಹಬ್ಬದ ರಜೆ, ಫೈನಲ್ ಒಂದು ವಾರ ಮುಂದಕ್ಕೆ ಹೋಗಿತ್ತು. ಗುರುವಾರ ಅವರು ನನ್ನ ತರಗತಿಯ ಬಾಗಿಲಿಗೆ ಬಂದರು.

“ಪ್ರೊಫೆ, ನವೆಂಬರ್ ಕೊನೆಗೆ ಪರೀಕ್ಷೆ. ಆ ಹುಡುಗಿ ಬರದಿದ್ರೆ ವರ್ಷ ಹೋಯ್ತು.”

“ಬರ್ತಾಳೆ ಬಿಡಿ. ಮಕ್ಕಳು ಮರೀತಾರೆ.”

“ನಾನು ಮಗು ಅಲ್ವಲ್ಲ. ಶನಿವಾರ ಬಂದರಿಗೆ ಹೋಗ್ತೀನಿ. ನೀವೂ ಬನ್ನಿ. ಒಬ್ನೇ ಹೋದ್ರೆ ಏನು ಮಾತಾಡ್ತೀನೋ ನನಗೇ ಭಯ. ಈಚೆಗೆ ನನ್ನ ಬಾಯಿ ನನ್ನ ಮಾತು ಕೇಳ್ತಿಲ್ಲ.”

ಶನಿವಾರ ಬೆಳಿಗ್ಗೆ ಆರಕ್ಕೆ ಸಮುದ್ರದ ಮಂಜು ಇನ್ನೂ ಕೆಳಗೇ ಇತ್ತು. ಉದ್ದನೆಯ ಸಿಮೆಂಟು ಕಟ್ಟೆಯ ಹಿಂದೆ ರಬ್ಬರ್ ಏಪ್ರನ್ನಿನ ಹೆಂಗಸರು. ನಾಲ್ಕನೆಯವಳು ಮಿಲುಷ್ಕಾ. ಕೈಯಲ್ಲಿ ಮೊನಚಾದ ಚಾಕು. ಒಂದು ಬೊನಿತೊ ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು, ನೀರಲ್ಲಿ ಅದ್ದಿ ಎಸೆಯುವುದಕ್ಕೆ ಅವಳಿಗೆ ನಾನು ಒಂದು ವಾಕ್ಯ ಹೇಳುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ. ನಮ್ಮನ್ನು ಕಂಡರೂ ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ತಾಯಿ ಎಲ್ವಿತಾ ಎತ್ತಿದಳು.

“ಎಷ್ಟು ಕಿಲೊ ಬೇಕಿತ್ತು?” ಎಂದಳು ದೊನ್ ತೆಯೊದುಲೊರನ್ನು ನೋಡಿ. ಯಾರೆಂದು ಗೊತ್ತಿತ್ತು, ಆ ಧ್ವನಿಯಲ್ಲೇ ಗೊತ್ತಾಯಿತು.

“ಮೀನಿಗೆ ಬಂದಿಲ್ಲಮ್ಮ. ಮಗಳ ಹತ್ರ ಕ್ಷಮೆ ಕೇಳೋಕೆ ಬಂದೆ.”

“ಅವಳ ಕೈಯಲ್ಲಿ ಚಾಕು ಇದೆ. ಅಲ್ಲಿಂದ್ಲೇ ಕೇಳಿ.”

ಅವರು ಟೊಪ್ಪಿಗೆ ತೆಗೆದರು. “ಮಿಲುಷ್ಕಾ, ಮಗಳೇ, ತಪ್ಪಾಯ್ತು. ನೀನು ಹೇಳಿದ್ದನ್ನ ನಾನು ಆಚೆ ಹಾಕಬಾರ್ದಿತ್ತು. ಬೇಕಾದ್ರೆ ಫೈನಲ್ ದಿನ ಎಲ್ರ ಮುಂದೆ ಕ್ಷಮೆ ಕೇಳ್ತೀನಿ.”

ಆಗ ಅವಳು ತಲೆ ಎತ್ತಿದಳು. “ಹೇಗೆ, ಮ್ಯೂಸಿಕ್ ಹಾಕಿ? ಹಳದಿ ನಾಯಕ ನೀಲಿಯವಳ ಕಾಲಿಗೆ ಬಿದ್ದು ಅತ್ನಲ್ಲ, ಹಾಗಾ? ಅವನಿಗೆ ಆ ವಾರ ಡಬಲ್ ವೋಟು ಬಿತ್ತು ಔಕ್ಸಿ. ನಾನೇ ಎರಡು ಸಲ ಹಾಕಿದೆ.”

“ಹಾಗಾದ್ರೆ ಏನು ಮಾಡ್ಲಿ, ನೀನೇ ಹೇಳು.”

“ಅದನ್ನ ಹೇಳಿದ್ದು ವೋಟಿಗೆ ಅಲ್ವಾ?”

ದೊನ್ ತೆಯೊದುಲೊ ನನ್ನ ಕಡೆ ನೋಡಿದರು. ನಾನು ಪೆಲಿಕನ್ ಹಕ್ಕಿಗಳ ಕಡೆ ನೋಡಿದೆ.

“ಹೌದು,” ಎಂದರು.

“ಹಾಗಾದ್ರೆ ಬಿಡಿ ಅದನ್ನ. ಸ್ಪರ್ಧೆ ಬಿಟ್ಟುಬಿಡಿ. ನನ್ನ ಮೀನಿನ ಮೇಲೆ ನಿಮ್ಮ ಹೆಸರಿನ ಫಲಕ ಬೇಡ. ಬಿಟ್ರೆ ಬರ್ತೀನಿ.”

ಈ ಸಲ ಅವರು ದೂರ ನೋಡಲಿಲ್ಲ, ಕೈಯಲ್ಲಿದ್ದ ಟೊಪ್ಪಿಗೆಯನ್ನು ನೋಡಿದರು. ಆಮೇಲೆ “ಆಯ್ತು,” ಎಂದು ಟೊಪ್ಪಿಗೆ ಹಾಕಿಕೊಂಡರು. ಎಲ್ವಿತಾ ಎರಡು ಕಿಲೊ ಬೊನಿತೊ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಬಂದವರು ಬರಿಗೈಯಲ್ಲಿ ಹೋಗಬಾರದೆಂದಲ್ಲ, ಅಷ್ಟು ಹೊತ್ತು ಕಟ್ಟೆಗೆ ಅಡ್ಡ ನಿಂತದ್ದಕ್ಕೆ ದುಡ್ಡು ತೆಗೆದುಕೊಂಡೇ ಕೊಟ್ಟಳು.

ಫೈನಲ್ ದಿನ ಅಂಗಳ ತುಂಬಿತ್ತು. ಪೋಷಕರೂ ಬಂದಿದ್ದರು, ತಿಪ್ಪೆಯ ವಿರುದ್ಧ ಸಭೆಗೆ ಬಂದವರಿಗಿಂತ ಮೂರು ಪಟ್ಟು. ದೊನ್ ತೆಯೊದುಲೊ ಹಳೆಯ ಬೂಟಿನಲ್ಲಿ ಬಂದು ಮೈಕು ತೆಗೆದುಕೊಂಡರು.

“ನಾನು ಈ ಸ್ಪರ್ಧೆ ಬಿಡ್ತಾ ಇದ್ದೀನಿ. ನನ್ನಿಂದ ಒಬ್ರಿಗೆ ನೋವಾಗಿದೆ. ಪದ್ರಿನೊ ಆಗೋ ಯೋಗ್ಯತೆ ನನಗಿಲ್ಲ. ದೊನ್ಯಾ ಎರ್ಮೆಲಿಂದಾಗೆ ವೋಟು ಹಾಕಿ. ಅಷ್ಟೇ.”

ಮುಂದಿನ ಸಾಲಿನ ಹುಡುಗಿಯೊಬ್ಬಳು ಅಳತೊಡಗಿದಳು. ಪಕ್ಕದವಳೂ ಅತ್ತಳು. ಸ್ನೈದರ್ ಮೈಕು ಕಸಿದುಕೊಂಡ. ಅವನ ಜೀವನದ ಗಳಿಗೆ ಬಂದಿತ್ತು.

“ಮಹನೀಯರೇ! ಮಹಿಳೆಯರೇ! ಈ ಸೀಸನ್ನಿನ ಅತ್ಯಂತ ಬಿಸಿ ಕ್ಷಣ! ಔಕ್ಸಿ ರಾಜೀನಾಮೆ! ಹೋಗೋಕೆ ಬಿಡ್ತೀರಾ?”

“ಇಲ್ಲಾ!”

ಆ ವರ್ಷ ‘ಬೆಂಕಿಗೆರೆ’ಯ ಹಳದಿ ನಾಯಕ ನಾಲ್ಕು ಸಲ ರಾಜೀನಾಮೆ ಕೊಟ್ಟಿದ್ದ. ನಾಲ್ಕು ಸಲವೂ ಗೆದ್ದಿದ್ದ. ಬಿಟ್ಟು ಹೋಗುತ್ತೇನೆ ಎಂದರೆ ಬಿಗಿಯಾಗಿ ಹಿಡಿದುಕೊಳ್ಳಿ ಎಂದು ಅರ್ಥ ಎಂಬುದು ನಮ್ಮ ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕಕ್ಕಿಂತ ಚೆನ್ನಾಗಿ ಗೊತ್ತಿತ್ತು. “ಆಟಕ್ಕೆ ಹೇಳ್ತಿಲ್ಲ, ನಿಜವಾಗ್ಲೂ!” ಎಂದು ದೊನ್ ತೆಯೊದುಲೊ ಕೂಗಿದರು. “ನೋಡಿ, ಕಣ್ಣಲ್ಲಿ ನೀರು!” ಎಂದು ಸ್ನೈದರ್ ಕೂಗಿದ. ವೋಟು ಎಣಿಸಿದರೆ ಅರವತ್ತೆರಡು ಅವರಿಗೆ, ಐದು ದೊನ್ಯಾ ಎರ್ಮೆಲಿಂದಾಗೆ. ಆ ದೊನ್ಯಾ ಎರ್ಮೆಲಿಂದಾ ಕೂಡ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು, “ನನಗೆ ವೋಟಿದ್ದಿದ್ರೆ ನಾನೂ ನಿಮಗೇ ಹಾಕ್ತಿದ್ದೆ ದೊನ್ ತೆಯೊದುಲೊ, ಎಷ್ಟು ಚೆನ್ನಾಗಿ ಹೇಳಿದ್ರಿ,” ಎಂದರು.

ಹುಡುಗರು ಅವರನ್ನು ಹೆಗಲ ಮೇಲೆ ಎತ್ತಿಕೊಂಡು ಧ್ವಜಸ್ತಂಭ ಸುತ್ತಿದರು. ಮೇಲಿದ್ದ ಮುಖವನ್ನು ನಾನು ನೋಡಿದೆ. ಅದು ಇರಬೇಕಾದಷ್ಟು ದುಃಖದಲ್ಲಿರಲಿಲ್ಲ. ಮೂವತ್ತೊಂದು ವರ್ಷ ನೆಲದ ಮೇಲೇ ನಿಂತವರಿಗೆ ಎರಡು ನಿಮಿಷ ಎತ್ತರ ಸಿಕ್ಕಿತ್ತು. ಅಷ್ಟಕ್ಕೆ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ವೀಡಿಯೊ ಸಂಜೆಯೊಳಗೆ ಊರೆಲ್ಲ ಸುತ್ತಿತು. ಅದರ ಕೆಳಗೆ ನೂರಾರು ಹೃದಯ, ಚಪ್ಪಾಳೆ. ನಡುವೆ ಒಂದೇ ಸಾಲು, ಮಿಲುಷ್ಕಾ ನಿಚೊ ಬರೆದದ್ದು: “ನಟನೆ ಚೆನ್ನಾಗಿತ್ತು ಔಕ್ಸಿ.”

ಶನಿವಾರ ಅವರ ಮನೆಗೆ ಹೋದಾಗ ನಿಯೆವೆಸಮ್ಮ ಬಾಗಿಲಲ್ಲೇ ಹೇಳಿದರು: “ಬೆಳಿಗ್ಗೆಯಿಂದ ಆ ಸಾಲನ್ನೇ ಓದ್ತಾ ಕೂತಿದ್ದಾರೆ. ಸಾಸೇಜು ಮೊಟ್ಟೆ ಹಾಗೇ ಆರಿಹೋಯ್ತು.”

“ನಿಜ ಹೇಳಿದ್ರೂ ಯಾರೂ ನಂಬಲ್ಲ ಪ್ರೊಫೆ,” ಎಂದರು ದೊನ್ ತೆಯೊದುಲೊ. “ಎಲ್ಲ ನಿಜಾನೂ ಆ ಟೀವಿಯವರು ಮೊದ್ಲೇ ಆಡಿ ಮುಗಿಸಿದ್ದಾರೆ. ಅಳೋದೂ ಅವರದೇ, ಬಿಡೋದೂ ಅವರದೇ. ನನಗೆ ಅಂತ ಏನು ಉಳಿದಿದೆ?”

“ಅರ್ಜಿ,” ಎಂದರು ಒಳಗಿಂದ ನಿಯೆವೆಸಮ್ಮ. “ಅರ್ಜಿ ಬರೀರಿ. ಟೀವೀಲಿ ಯಾರಾದ್ರೂ ಅರ್ಜಿ ಬರೆದದ್ದು ನೋಡಿದ್ದೀರಾ?”

ಸೋಮವಾರ ಬೆಳಿಗ್ಗೆ ಶಾಲೆಯ ಕಚೇರಿಗೆ ಎರಡು ಪ್ರತಿಗಳಲ್ಲಿ ಅರ್ಜಿ ಹೋಯಿತು: ‘ಮಾನ್ಯ ಹೆಡ್ಮಾಸ್ಟರ ಸನ್ನಿಧಿಗೆ, ಕೆಳಗೆ ಸಹಿ ಮಾಡಿದ ತೆಯೊದುಲೊ ಚಂಗನಕಿ ಎಂಬುವನು, ಗುರುತಿನ ಚೀಟಿ ಸಮೇತ ಹಾಜರಾಗಿ, ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಪದ್ರಿನೊ ಪದವಿಯನ್ನು ಹಿಂಪಡೆಯಲಾಗದ ರೀತಿಯಲ್ಲಿ ನಿರಾಕರಿಸುತ್ತೇನೆ.’ ‘ಹಿಂಪಡೆಯಲಾಗದ’ ಎಂಬ ಪದ ನನ್ನದು, ಅದಕ್ಕೆ ನನಗೆ ಸ್ವಲ್ಪ ಹೆಮ್ಮೆಯಿದೆ. ಗುಮಾಸ್ತೆ ಅರ್ಜಿಯನ್ನು ತಿರುಗಿಸಿ ನೋಡಿದಳು.

“ಇದಕ್ಕೆ ನಮ್ಮಲ್ಲಿ ಫಾರಂ ಇಲ್ಲ ದೊನ್ ತೆಯೊದುಲೊ. ಯಾರೂ ಹೀಗೆ ಕೇಳಿಲ್ಲ.”

“ನಾನು ಕೇಳ್ತಿದ್ದೀನಲ್ಲ. ಸೀಲ್ ಹಾಕಮ್ಮ. ದಿನಾಂಕ, ಗಂಟೆ, ನಿನ್ನ ಸಹಿ. ಎರಡರ ಮೇಲೂ.”

ಹೆಡ್ಮಾಸ್ಟರು ಓಡಿ ಬಂದರು. “ಏನಿದು? ಫಲಕಕ್ಕೆ ಆರ್ಡರ್ ಹೋಗಿದೆ! ನಾನು ಭಾಷಣ ಬರೆದಾಗಿದೆ, ‘ಗೇಟಿನ ಗುರು’ ಅಂತ!”

“‘ಬನ್ನಿನ ಗುರು’ ಅಂತ ತಿದ್ದಿ ಸಾರ್,” ಎಂದರು ದೊನ್ ತೆಯೊದುಲೊ.

ಹಾಗಾಗಿ ಆ ವರ್ಷದ ಬ್ಯಾಚಿಗೆ ಎರ್ಮೆಲಿಂದಾ ಎಂದು ಹೆಸರು. ಈಗಲೂ ಊರಿನಲ್ಲಿ ಆ ಜಾಕೆಟ್ಟು ಹಾಕಿಕೊಂಡವರು ಕಾಣುತ್ತಾರೆ. ಸ್ನೈದರ್ ಲೋಕಲ್ ರೇಡಿಯೊದಲ್ಲಿ ಸಾವಿನ ಸುದ್ದಿ ಓದುತ್ತಾನೆ, ಬ್ರೇಕಿಲ್ಲದೆ.

ಅರ್ಜಿ ಕೊಟ್ಟ ಮರುದಿನ, ಮಂಗಳವಾರ ನಸುಕಿನಲ್ಲಿ ನಾವಿಬ್ಬರೂ ಮತ್ತೆ ಬಂದರಿಗೆ ಹೋದೆವು. ದೊನ್ ತೆಯೊದುಲೊ ಅರ್ಜಿಯ ತಮ್ಮ ಪ್ರತಿಯನ್ನು ಕಟ್ಟೆಯ ಮೇಲೆ, ಒದ್ದೆಯಾಗದ ಕಡೆ ಇಟ್ಟರು. ಮಿಲುಷ್ಕಾ ಏಪ್ರನ್ನಿಗೆ ಕೈ ಒರೆಸಿಕೊಂಡು ಕಾಗದವನ್ನು ಎರಡು ಬೆರಳಿನ ತುದಿಯಲ್ಲಿ ಎತ್ತಿದಳು. ಒಕ್ಕಣೆ ಓದಲಿಲ್ಲ. ನೇರ ಕೆಳಗೆ ಹೋದಳು.

“ಸೀಲಿದೆ,” ಎಂದಳು ತಾಯಿಗೆ.

“ದುಂಡಗಿದೆಯೋ ಚೌಕಾನೋ?”

“ದುಂಡಗೆ. ಎಂಟು ಹತ್ತಕ್ಕೆ. ಸಹಿನೂ ಇದೆ.”

“ದುಂಡಗಿದ್ರೆ ನಿಜ,” ಎಂದಳು ಎಲ್ವಿತಾ, ಮೀನಿನಿಂದ ಕಣ್ಣು ತೆಗೆಯದೆ.

ಮಿಲುಷ್ಕಾ ಕಾಗದ ಮಡಚಿ ಏಪ್ರನ್ನಿನ ಒಳಜೇಬಿಗೆ ಹಾಕಿಕೊಂಡಳು. “ಇದು ನನ್ನ ಹತ್ರಾನೇ ಇರಲಿ. ನಾಳೆ ಬರ್ತೀನಿ. ಆದ್ರೆ ಔಕ್ಸಿ, ಗೇಟಲ್ಲಿ ನನ್ನ ನೋಡಿ ಒಳ್ಳೆಯವ್ರಾಗಬೇಡಿ. ಇದೂ ಶೋದಲ್ಲಿದೆ ಅನ್ಕೋತಾರೆ.”

ಬುಧವಾರ ಅವಳು ಬಂದಳು. ಮಕ್ಕಳು ಗೇಟಿನ ಒಳಗೆ ಗುಂಪಾಗಿ ನಿಂತು ನೋಡುತ್ತಿದ್ದರು. ಕೆಲವರ ಕೈಯಲ್ಲಿ ಮೊಬೈಲು ಎದ್ದಿತ್ತು. “ಸೆವಿಚೆ ಬಂತು!” ಎಂದ ಒಬ್ಬ, ಅಷ್ಟು ಗಟ್ಟಿಯಾಗೇನಲ್ಲ.

“ಹೂಂ, ಬಂತು,” ಎಂದಳು ಮಿಲುಷ್ಕಾ. “ನಿನಗೂ ಬೇಕಾದ್ರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಾ, ಚಾಕು ಕೊಡ್ತೀನಿ. ಆರು ಗಂಟೆವರೆಗೆ ನಿಂತ್ರೆ ಆಮೇಲೆ ಮಾತಾಡೋಣ.”

ಯಾರೋ ನಕ್ಕರು. ಈ ಸಲ ಅವನನ್ನು ನೋಡಿ.

ಎಲ್ಲರೂ ದೊನ್ ತೆಯೊದುಲೊ ಏನು ಮಾಡುತ್ತಾರೆಂದು ಕಾದರು. ಅವರು ಅವಳ ಉಗುರು ನೋಡಿದರು, ಜಡೆ ನೋಡಿದರು, ಬಗ್ಗಿ ಕಾಲ ಕಡೆ ನೋಡಿದರು.

“ಇದೇನು ಬೂಟೋ, ಮೀನು ಬುಟ್ಟಿಯೋ? ಇನ್ನೊಂದು ಸಲ ಹೀಗೆ ಬಂದ್ರೆ ಅಮ್ಮನ್ನ ಕರೆಸ್ತೀನಿ!”

“ಕರೆಸಿ ಔಕ್ಸಿ,” ಎಂದಳು ಮಿಲುಷ್ಕಾ ಒಳಗೆ ನಡೆಯುತ್ತಲೇ. “ಅವಳ ಹತ್ರ ನನಗಿಂತ ದೊಡ್ಡ ಚಾಕು ಇದೆ.”

ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ದೊನ್ ತೆಯೊದುಲೊ ಕೈ ಬೀಸಿ ಮುಂದಿನವನನ್ನು ಕರೆದರು.